ಪಿಸ್ಟನ್ನಿನ ಸೂತಕ

ಗುಡಾರ ಕೇಳಲು ಬಂದವನನ್ನು ಯಾಕೆ ಎಂದು ಕೇಳಬಾರದು. ನಮ್ಮ ಕಡೆಯ ಮರ್ಯಾದೆ ಅದು. ಬೇಸಿಗೆಯಾದರೆ ಮದುವೆಗೆ ಇರಬಹುದು. ಕೇಳಿಬಿಟ್ಟರೆ ಕರೆಯಬಾರದು ಅಂದುಕೊಂಡಿದ್ದವನು ಪಾಪ ನಮ್ಮನ್ನೂ ಕರೆಯಬೇಕಾಗುತ್ತದೆ. ಅಕ್ಟೋಬರಾದರೆ ಕಾರಣ ಒಂದೇ. ನಮ್ಮಲ್ಲಿ ಸತ್ತವರನ್ನು ಮನೆಯೊಳಗೆ ಮಲಗಿಸುವುದಿಲ್ಲ, ಅಂಗಳದಲ್ಲಿ ಕಂಬಳಿ ಗುಡಾರ ಎಬ್ಬಿಸಿ ಅದರೊಳಗೆ ಮಲಗಿಸುತ್ತೇವೆ. ಆದ್ದರಿಂದ ಅಕ್ಟೋಬರ್ ಹದಿನೈದರ ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಸಗಿನ್ ಬಂದು, "ಕೆರಿಮ್ ಬೈಕೆ, ನಿಮ್ಮ ಗುಡಾರ ಮೂರು ದಿನಕ್ಕೆ ಬೇಕಿತ್ತು" ಎಂದಾಗ ನಾನು ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿ, "ತಗೊಂಡು ಹೋಗು, ತಮ್ಮಾ" ಎಂದೆ.

ಊರಲ್ಲಿ ಆಮೇಲೆ ಆದ ಅನಾಹುತದಲ್ಲಿ ನನ್ನ ಪಾಲು ಇಷ್ಟೇ. ಉಳಿದದ್ದೆಲ್ಲ ಎಂಜಿನ್ನಿನದು.

ಸಗಿನ್ ನನ್ನನ್ನು ಬೈಕೆ, ಅಂದರೆ ಅಣ್ಣ, ಎಂದೇ ಕರೆಯುವುದು. ನಮ್ಮೂರ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ನಲವತ್ತಾರು ವರ್ಷ. ಮಕ್ಕಳಿಲ್ಲ. ಹೆಂಡತಿ ಜಿಪಾರ್ ಮೂರು ವರ್ಷದ ಹಿಂದೆ ಮನೆಗೊಂದು ಒಳ್ಳೆಯ ಸೂರು ಹಾಕಿಸಬೇಕೆಂದು ಮಾಸ್ಕೋದ ಯಾವುದೋ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಹೋದಳು. ಅಂಗಳದಲ್ಲಿ ಉಳಿದವರು ಇಬ್ಬರು: ಸಗಿನ್, ಮತ್ತು ಮಾರಾಲ್ ಎಂಬ ಹಸು. ಹೋಗುವಾಗ ಜಿಪಾರ್ ಹಸುವಿನ ಕೊರಳು ತಬ್ಬಿಕೊಂಡು ಅತ್ತಿದ್ದನ್ನು ನಾನೇ ನೋಡಿದ್ದೇನೆ. ಸಗಿನ್‌ಗೆ, "ಹೊತ್ತಿಗೆ ಸರಿಯಾಗಿ ಉಣ್ಣು" ಎಂದಳು, ಅಷ್ಟೆ.

ಈ ವರ್ಷ ವಸಂತದಲ್ಲಿ ಸಗಿನ್ ಆ ಹಸುವನ್ನು ಉತ್ತರ ದಡದ ಒಬ್ಬನಿಗೆ ಕೊಟ್ಟು, ಅದರ ಬದಲಿಗೆ ಒಂದು ಹಳೆಯ ನೀರಿನ ಸ್ಕೂಟರು ತಂದ. ಎರಡು ಸೀಟು, ಟೂ-ಸ್ಟ್ರೋಕ್ ಎಂಜಿನ್ನು, ಹಳದಿ ಬಣ್ಣ, ಹಸುವಿಗಿಂತ ಜಾಸ್ತಿ ಹೊಗೆ. ಪ್ರವಾಸಿಗರನ್ನು ಇಸಿಕ್-ಕುಲ್ ಸರೋವರದ ಮೇಲೆ ಸುತ್ತಾಡಿಸಿ ಶ್ರೀಮಂತನಾಗುವುದು ಅವನ ಯೋಜನೆ. ಆದರೆ ಪ್ರವಾಸಿಗರು ಬರುವುದು ಉತ್ತರ ದಡಕ್ಕೆ. ನಮ್ಮ ದಕ್ಷಿಣ ದಡಕ್ಕೆ ಗಾಳಿ ಬರುತ್ತದೆ. ಇಡೀ ಬೇಸಿಗೆ ಅವನು ದಡದಲ್ಲಿ ಬೋರ್ಡು ನೆಟ್ಟು ಕೂತ. ಬಂದವರು ಒಟ್ಟು ಮೂವರು, ಅವರಲ್ಲಿ ಇಬ್ಬರು ದಾರಿ ಕೇಳಲು. ಸಂಜೆಯಾದರೆ ತಾನೇ ಒಬ್ಬನೇ ಹತ್ತಿ ಒಂದು ಸುತ್ತು ಹೊಡೆದು ಬರುತ್ತಿದ್ದ. ಹಿಂದಿನ ಸೀಟಿಗೆ ಒಂದು ಹೂವಿನ ದಿಂಬು ಕಟ್ಟಿದ್ದ. ಯಾರಿಗೋ ಎಂದರೆ, "ಜಿಪಾರ್‌ಗೆ ಕೂರೋಕೆ ಮೆತ್ತಗಿರಲಿ ಅಂತ" ಎನ್ನುತ್ತಿದ್ದ.

ಜಿಪಾರ್‌ಗೆ ಹೊಸ ಗಾಡಿಯ ಸುದ್ದಿ ಗೊತ್ತಿತ್ತು, ಹಸುವಿನ ಸುದ್ದಿ ಗೊತ್ತಿರಲಿಲ್ಲ. ಅವಳು ಭಾನುವಾರ ವಿಡಿಯೋ ಫೋನು ಮಾಡಿ, "ಮಾರಾಲನ್ನ ತೋರ್ಸಿ" ಎನ್ನುವಳು. ಸಗಿನ್ ಬೇಲಿ ಹಾರಿ ನಮ್ಮ ಕೊಟ್ಟಿಗೆಗೆ ಬಂದು ನನ್ನ ಹಸುವನ್ನು ತೋರಿಸುವನು. "ಯಾಕೋ ಇಳಿದುಹೋಗಿದಾಳಲ್ಲ" ಎಂದು ಅವಳು ನೊಂದುಕೊಳ್ಳುವಳು. ನನ್ನ ಹಸುವಿಗೂ ಮಾಸ್ಕೋದ ಜೊತೆ ಮಾತಾಡಿ ಎಷ್ಟು ರೂಢಿಯಾಯಿತೆಂದರೆ, ಭಾನುವಾರ ಫೋನಿನ ಹೊತ್ತಾದರೆ ತಾನಾಗಿಯೇ ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಹೊಸ ಗಾಡಿಗೆಂದು ಜಿಪಾರ್ ಮಾಸ್ಕೋದಿಂದ ಬರುವವರ ಕೈಯಲ್ಲಿ ಒಂದು ಚೀಲ ಸಿಹಿ ಕಳಿಸಿದ್ದಳು, ಕೆಂಪು ಕಾಗದ ಸುತ್ತಿದ್ದು. ಹೊಸದೇನು ಮನೆಗೆ ಬಂದರೂ ಅದರ ಮೇಲೆ ಸಿಹಿ ಎರಚುವುದು ನಮ್ಮ ಪದ್ಧತಿ, ಅದಕ್ಕೆ ಚಾಚಿಲಾ ಅನ್ನುತ್ತೇವೆ. ಎರಚಿದವಳು ಎದುರು ಮನೆಯ ಹಿರಿಯಕ್ಕ, ಬುರುಲ್ ಅಪಾ. ಎಂಬತ್ತೊಂದು ವರ್ಷದ ಕೈ, ಆದರೂ ಆಲಿಕಲ್ಲು ಬಿದ್ದ ಹಾಗೆ ಬಿತ್ತು. ಸಗಿನ್ ಆಗ ಬಗ್ಗಿಕೊಂಡು ಗಾಡಿಯ ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ಸುರಿಯುತ್ತಿದ್ದ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾವು ಯಾರೂ ಇಟ್ಟುಕೊಳ್ಳಲಿಲ್ಲ.

ಜಿಪಾರ್ ಎರಡು ವಾರದ ರಜೆಗೆ ಅಕ್ಟೋಬರ್ ಇಪ್ಪತ್ತಕ್ಕೆ ಬರುವವಳಿದ್ದಳು. ಸಗಿನ್ ನನ್ನಲ್ಲಿ ತನ್ನ ಉಪಾಯ ಹೇಳಿಕೊಂಡಿದ್ದ. "ಸ್ಕೂಟರಲ್ಲಿ ಕೂರಿಸ್ಕೊಂಡು ನಡುನೀರಿಗೆ ಕರ್ಕೊಂಡು ಹೋಗ್ತೀನಿ ಬೈಕೆ. ಆಮೇಲೆ ಹಸು ವಿಷಯ ಹೇಳ್ತೀನಿ. ಅಲ್ಲಿ ಎದ್ದು ಹೋಗೋಕಾಗಲ್ಲ."

"ದಡಕ್ಕೆ ಬಂದ ಮೇಲೆ ಹೋಗ್ತಾಳಲ್ಲೋ."

"ಅಷ್ಟರಲ್ಲಿ ಗಾಡಿ ಅವಳಿಗೂ ಇಷ್ಟ ಆಗಿರತ್ತೆ. ಆಗಲೇಬೇಕು. ಈ ಸಲ ಸಿಟ್ಟು ಮಾಡ್ಕೊಂಡು ಹೋದ್ರೆ ಅವಳು ವಾಪಸ್ ಬರಲ್ಲ, ಬೈಕೆ" ಎಂದ. ನಗುತ್ತಲೇ ಅಂದ. ಆದರೆ ಕೈಯಲ್ಲಿದ್ದ ಟೀ ಬಟ್ಟಲನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

ಅಕ್ಟೋಬರ್ ಐದಕ್ಕೆ, ದಡದಿಂದ ಒಂದು ಮೈಲಿ ಆಚೆ, ಎಂಜಿನ್ನು ಒಮ್ಮೆ ಕಿರುಚಿ ನಿಂತಿತು. ಸಗಿನ್ ಚಪ್ಪಲಿಯಿಂದ ಹುಟ್ಟು ಹಾಕಿಕೊಂಡು ಮೂರು ಗಂಟೆಯಲ್ಲಿ ದಡ ಸೇರಿದ. ಬಟನ್ ಒತ್ತಿದರೆ ಟಕ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಬಲಿಕ್ಚಿ ಬಂದರಿನಲ್ಲಿ ಮೊದಲು ದೋಣಿ ಎಂಜಿನ್ನು ನೋಡಿಕೊಳ್ಳುತ್ತಿದ್ದ ಸ್ತೆಪಾನಿಚ್ ಎಂಬ ಮುದುಕನಿಗೆ ಫೋನು ಹೋಯಿತು. ಸ್ತೆಪಾನಿಚ್‌ಗೆ ಕಿವಿ ಮಂದ. ಹಾಗಾಗಿ ಆ ಎಂಜಿನ್ನಿನ ಕಾಯಿಲೆ ಬೀದಿಗೆಲ್ಲ ಕೇಳಿಸಿತು.

"ಪ್ಲಗ್ ಬಿಚ್ಚಿ ತಿರುಗಿಸಿದ್ಯಾ? ನೀರು ಚಿಮ್ತಾ?"

"ಇಲ್ಲ ಸ್ತೆಪಾನಿಚ್, ಒಣಗಿದೆ. ತಿರುಗೋದೂ ಇಲ್ಲ."

"ಥತ್! ನೀರು ತುಂಬಿ ನಿಂತಿದ್ರೆ ಸುಲಭ ಇತ್ತು, ಹೊರಗೆ ಹಾಕಿದ್ರೆ ಆಗೋದು. ಹಿಂದಿನ ಪಂಪು ಬಿಡಿಸಿ ನೋಡು, ಅದರಲ್ಲಿ ಕಲ್ಲು ಸಿಕ್ಕಿರಬಹುದು."

ಬಿಡಿಸಿದ. ಪಂಪು ಬೆರಳಲ್ಲಿ ತಿರುಗಿತು. ಎಂಜಿನ್ನು ಮಾತ್ರ ಕೋಪ ಮಾಡಿಕೊಂಡ ಮಾವನ ಹಾಗೆ ಕೂತಿತ್ತು.

"ಹಾಗಾದ್ರೆ ಪಿಸ್ಟನ್ ಕಚ್ಕೊಂಡಿದೆ. ಪ್ಲಗ್ ತೂತಲ್ಲಿ ಡೀಸೆಲ್ ಸುರಿದು ಎರಡು ದಿನ ನೆನೆಯಕ್ಕೆ ಬಿಡು. ಆಮೇಲೆ ಉದ್ದ ಪೈಪು ಹಾಕಿ ಮೆಲ್ಲಗೆ ಎಳಿ. ಗುದ್ದಬೇಡ!"

ಎರಡಲ್ಲ, ಆರು ದಿನ ನೆನೆಯಿತು. ಏಳನೆಯ ದಿನ ಆಳುದ್ದದ ಕಬ್ಬಿಣದ ಪೈಪಿಗೆ ಜೋತುಬಿದ್ದಾಗ ಕಿರ್ ಎಂದು ಕೂದಲೆಳೆಯಷ್ಟು ಅಲುಗಿತು. ಸಗಿನ್ ಪೈಪಿಗೆ ಮುತ್ತಿಟ್ಟ.

"ಈಗ ಬಿಚ್ಚು" ಎಂದ ಸ್ತೆಪಾನಿಚ್. "ಆದ್ರೆ ಬಯಲಲ್ಲಿ ಬೇಡ. ಒಂದು ಕಣ ಮರಳು ಒಳಗೆ ಹೋದ್ರೂ ಎಲ್ಲಾ ದಂಡ. ಇನ್ನೊಂದು ಮಾತು ಕೇಳು. ಟೂ-ಸ್ಟ್ರೋಕ್ ಅಂದ್ರೆ ಪೆಟ್ರೋಲ್ ಜೊತೆಗೇ ಎಣ್ಣೆ ಬೇಕು. ನಿಂದು ಎಣ್ಣೆ ಇಲ್ಲದೆ ಒಣಗಿ ಸತ್ತಿರೋದು. ಯಾಕೆ ಎಣ್ಣೆ ಬರಲಿಲ್ಲ ಅಂತ ಹುಡುಕು. ಹುಡುಕದೆ ಹೊಸ ಪಿಸ್ಟನ್ ಹಾಕಿದ್ರೆ ಅದೂ ಸಾಯತ್ತೆ, ನೀನೂ ಸಾಯ್ತೀಯ!"

ಅಕ್ಟೋಬರಿನಲ್ಲಿ ನಮ್ಮ ದಡದ ಗಾಳಿಗೆ ಟೀಯಲ್ಲೂ ಮರಳು. ಸಗಿನ್‌ನ ಕೊಟ್ಟಿಗೆಯಲ್ಲಿ ಒಣಗಿದ ಸಗಣಿಯ ಪುಡಿ. ಗಾಳಿ ನುಗ್ಗದ, ಧೂಳಿಲ್ಲದ ಜಾಗ ಊರಲ್ಲಿ ಒಂದೇ: ಬಿಗಿಯಾಗಿ ಕಟ್ಟಿದ ಕಂಬಳಿ ಗುಡಾರ. ಅದಕ್ಕೇ ಅವನು ಗುರುವಾರ ನನ್ನ ಬಾಗಿಲಿಗೆ ಬಂದದ್ದು.

ಮಧ್ಯಾಹ್ನದ ಹೊತ್ತಿಗೆ ಗುಡಾರ ಎದ್ದಿತು. ಒಳಗೆ ಎಂಜಿನ್ನು ಬಿಚ್ಚಿಕೊಂಡಿತು. ಎರಡು ಪಿಸ್ಟನ್ನುಗಳಲ್ಲಿ ಮುಂದಿನದು ಕ್ಷೇಮ. ಹಿಂದಿನದರ ಪಕ್ಕೆ ತರಚಿ ಅದರ ಅಲ್ಯುಮಿನಿಯಂ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು. ಮೆತ್ತಿದ್ದನ್ನು ತೆಗೆಯಲು ಕಕ್ಕಸು ತೊಳೆಯುವ ಆಸಿಡ್ಡು ಹಚ್ಚು, ಉಗುರಿಗೆ ಗೀರು ತಾಗದಿದ್ದರೆ ಸಿಲಿಂಡರು ಬದುಕಿತು ಎಂದು ಸ್ತೆಪಾನಿಚ್ ಹೇಳಿದ್ದ. ಸಗಿನ್ ಹಚ್ಚಿದ. ಮುಚ್ಚಿದ ಗುಡಾರದಲ್ಲಿ ಆಸಿಡ್ಡಿನ ಹೊಗೆ ಕಣ್ಣಿಗೆ ಅಡರಿ, ಧಾರಾಕಾರ ನೀರು ಸುರಿಸುತ್ತ ಅವನು ಹೊರಗೆ ಬಂದು ನಿಂತ. ಮೈಮೇಲಿನ ಕೋಟಿನ ಜಿಪ್ಪು ಎಂದೋ ಹೋಗಿತ್ತು, ಸೊಂಟಕ್ಕೆ ಹಗ್ಗ ಬಿಗಿದಿದ್ದ. ತಲೆ ಸುತ್ತಿದ್ದರಿಂದ ಆ ಉದ್ದದ ಪೈಪನ್ನು ಊರಿಕೊಂಡಿದ್ದ.

ನಮ್ಮಲ್ಲಿ ಮನೆಯವರು ಸತ್ತಾಗ ಗಂಡಸು ಸೊಂಟ ಬಿಗಿದು, ಕೋಲು ಊರಿಕೊಂಡು, ಗುಡಾರದ ಹೊರಗೆ ನಿಂತು ಅಳಬೇಕು. ಬೇರೆ ಯಾವ ಸಂದರ್ಭದಲ್ಲೂ ಯಾರೂ ಹಾಗೆ ನಿಲ್ಲುವುದಿಲ್ಲ.

ಬೇಲಿಯ ಬಳಿ ಬುರುಲ್ ಅಪಾ ನನ್ನ ತೋಳು ಹಿಡಿದಳು. "ಕೆರಿಮ್, ನೋಡಿದ್ಯಾ?"

"ನೋಡಿದೆ ಅಪಾ."

"ಅವನಿಗೆ ಸಾಯೋಕೆ ಅಂತ ಯಾರಿದಾರೋ?"

ಇಬ್ಬರೂ ಉತ್ತರಕ್ಕೆ, ಮಾಸ್ಕೋ ಇರುವ ಕಡೆಗೆ ನೋಡಿದೆವು.

"ಅಯ್ಯೋ ನಮ್ಮ ಜಿಪಾರ್!" ಎಂದಳು ಅಪಾ.

"ಫೋನ್ ಮಾಡಿ ವಿಚಾರಿಸಲಾ?"

"ಯಾರಿಗೋ? ಸತ್ತೋಳಿಗಾ?"

ಅದೂ ಸರಿ ಅನ್ನಿಸಿತು.

ಅರ್ಧ ಗಂಟೆಯಲ್ಲಿ ಗಂಡಸರು ಗೇಟಿನಿಂದಲೇ, "ಬೋರುಮೋಯ್! ಅಯ್ಯೋ ನನ್ನ ಕರುಳೇ!" ಎಂದು ಗಟ್ಟಿಯಾಗಿ ಅಳುತ್ತ ನುಗ್ಗಿದರು. ಅಳುವಾಗ ಸತ್ತವರ ಹೆಸರು ಹೇಳುವುದಿಲ್ಲ. ಸಗಿನ್ ಬೆಚ್ಚಿಬಿದ್ದ. ಅವನ ಮನಸ್ಸಿನಲ್ಲಿ ಆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ: ಇವರೆಲ್ಲ ನನ್ನ ಗೇಟಿಗೆ ಬಂದು ಅಳುತ್ತಿದ್ದಾರೆ ಎಂದರೆ ನನ್ನವರೇ ಯಾರೋ ಹೋಗಿದ್ದಾರೆ. ಹತ್ತು ದಿನದಿಂದ ಎಂಜಿನ್ನಿನಲ್ಲಿ ತಲೆ ಹುದುಗಿಸಿಕೊಂಡ ನನಗೆ ಗೊತ್ತಾಗಿಲ್ಲ. ಸಂತಾಪಕ್ಕೆ ಬಂದವರನ್ನು, ಯಾರು ಸತ್ತಿದ್ದು ಎಂದು ಕೇಳುವ ಗಂಡಸಿಗೆ ಈ ಸರೋವರದ ಸುತ್ತ ಎಲ್ಲೂ ಮುಖವಿರುವುದಿಲ್ಲ.

ಹಾಗಾಗಿ ಅವನೂ ಪೈಪು ಊರಿಕೊಂಡು ಅತ್ತ. ಅವನ ದನಿ ಬಹಳ ಚೆನ್ನಾಗಿತ್ತು. ಮೂರು ವರ್ಷದಿಂದ ಬಳಸಿರಲಿಲ್ಲ.

ಹೆಂಗಸರು ಮನೆಯೊಳಗೆ ಹೋಗಿ ಒಲೆ ಹಚ್ಚಿದರು. ಹಿಟ್ಟು ಕಲಸಿದರು, ಕರಿದರು. ಯಾರೋ ಕುರಿ ತಂದರು. ಹೆಣ ಇನ್ನೂ ಬಂದಿಲ್ಲವೆಂದು ಗುಡಾರದೊಳಗೆ ಯಾರೂ ಕಾಲಿಡಲಿಲ್ಲ. ಸಗಿನ್ ಒಂದಷ್ಟು ಹೊತ್ತು ಒಳಗೆ ಸಿಲಿಂಡರು ಉಜ್ಜುವನು, ಹೊಸ ಗುಂಪು ಬಂತೆಂದರೆ ಹೊರಗೆ ಬಂದು ಅಳುವನು. ಅವನ ಮನೆಯ ಎಲ್ಲ ಕೋಣೆಗಳಲ್ಲೂ ದೀಪ ಉರಿದದ್ದನ್ನು ನಾನು ಬಹಳ ಕಾಲದ ಮೇಲೆ ನೋಡಿದೆ.

ಆದರೂ ಸತ್ತವರು ಯಾರು ಎಂಬುದು ತಿಳಿಯಬೇಕಲ್ಲ. ಅವನು ಒಂದು ರಟ್ಟಿನ ಚೂರಿನ ಮೇಲೆ ತನ್ನ ಬಳಗದವರ ಹನ್ನೊಂದು ಹೆಸರು ಬರೆದ. ಅಳಲು ಬಂದವರ ಹೆಸರು ಹೊಡೆದುಹಾಕುತ್ತ ಬಂದರೆ ಉಳಿದವರು ಸತ್ತವರು. ಲೆಕ್ಕ ಸರಿಯಾಗಿಯೇ ಇತ್ತು. ಮೊದಲ ಅನುಮಾನ ಪಕ್ಕದ ಹಳ್ಳಿಯ ಸೋದರಮಾವ ಒಮುರ್‌ಕುಲ್ ಮೇಲೆ. ಎಂಬತ್ತನಾಲ್ಕು ವರ್ಷ, ಗೂರಲು ರೋಗ. ಶುಕ್ರವಾರ ಬೆಳಿಗ್ಗೆ ಒಮುರ್‌ಕುಲ್ ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತ ಬಂದಿಳಿದ. ಸಗಿನ್ ಅವನನ್ನು ಅಪ್ಪಿಕೊಂಡು ಬೆನ್ನು ಸವರಿ ನೋಡಿದ.

"ಮಾವ, ನೀವೇನಾ?"

"ನಾನಲ್ದೆ ಇನ್ಯಾರೋ! ಗಟ್ಟಿ ಮನಸ್ಸು ಮಾಡ್ಕೋ, ಮಗಾ."

ಸಗಿನ್ ಒಳಗೆ ಹೋಗಿ ಒಂದು ಗೆರೆ ಎಳೆದ.

ಮಧ್ಯಾಹ್ನ ಊರಿನ ಮುಖ್ಯಸ್ಥ ತಾಲಯ್ ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಂದ. ಸರ್ಕಾರಿ ಮನುಷ್ಯ, ಕೇಳುವುದು ಅವನ ಕರ್ತವ್ಯ. ಆದರೂ ಸುತ್ತಿ ಬಳಸಿ ಕೇಳಿದ: "ದೂರದಿಂದ ಬರಬೇಕಲ್ಲಪ್ಪ. ಯಾವಾಗ ಬರತ್ತೆ?"

ಊರಿಗೆಲ್ಲ ಕೇಳುವ ಹಾಗೆ ಸ್ತೆಪಾನಿಚ್ ಫೋನಲ್ಲಿ ಕೂಗಿದ್ದ. ತಾನು ಹೊಸ ಪಿಸ್ಟನ್ನು ತರಿಸುತ್ತಿರುವ ವಿಷಯ ಇವನಿಗೂ ತಿಳಿದಿದೆ ಎಂದೇ ಸಗಿನ್ ಎಣಿಸಿದ. "ನಾಳೆ ಬೆಳಿಗ್ಗೆ ಮಿನಿಬಸ್ಸಲ್ಲಿ. ಡ್ರೈವರ್ ಸೀಟಿನ ಕೆಳಗೆ ಇಟ್ಟು ಕಳಿಸ್ತಾರಂತೆ."

"ಸೀಟಿನ ಕೆಳಗಾ?"

"ಸಣ್ಣ ಡಬ್ಬಿ ಅಷ್ಟೇ ಅಲ್ವಾ."

ತಾಲಯ್ ಫೈಲು ಬೀಳಿಸಿಕೊಂಡು ಹೊರಗೆ ಬಂದ. ನಮ್ಮಲ್ಲಿ ಹೆಣ ಸುಡುವುದು ಎಂದರೆ ಕೇಳಬಾರದ ಮಾತು. ಸಂಜೆಯೊಳಗೆ ಮಾಸ್ಕೋದವರು ನಮ್ಮ ಹೆಣ್ಣುಮಗಳನ್ನು ಸುಟ್ಟು ಡಬ್ಬಿಗೆ ಹಾಕಿದ್ದಾರೆಂದು ಮೂರು ಹಳ್ಳಿಗೆ ಸುದ್ದಿಯಾಯಿತು. ಮೌಲ್ವಿಯನ್ನು ಕರೆಸಿದರು. ಡಬ್ಬಿಗೆ ಎಷ್ಟುದ್ದದ ಗೋರಿ ತೋಡಬೇಕು ಎಂದು ಮೌಲ್ವಿಗೂ ಗೊತ್ತಾಗಲಿಲ್ಲ. ಪೂರ್ತಿ ಅಳತೆಯದೇ ತೋಡಿ, ಮರ್ಯಾದೆ ಇರಲಿ ಎಂದರು.

ಶನಿವಾರ ಬೆಳಿಗ್ಗೆ ನಲವತ್ತು ಗಂಡಸರು ರಸ್ತೆಯಲ್ಲಿ ನಿಂತಿದ್ದೆವು. ಮಿನಿಬಸ್ಸು ಬಂತು. ಡ್ರೈವರು ನಮ್ಮನ್ನು ನೋಡಿ ಹೆದರಿ, ಸೀಟಿನ ಕೆಳಗಿಂದ ಜಿಡ್ಡು ಮೆತ್ತಿದ ಒಂದು ತಗಡಿನ ಡಬ್ಬಿ ತೆಗೆದ. ಒಮುರ್‌ಕುಲ್ ಬಿಳಿ ಬಟ್ಟೆ ಹಾಸಿದ ಎರಡೂ ಅಂಗೈಯಲ್ಲಿ ಅದನ್ನು ತೆಗೆದುಕೊಂಡ. "ಬದುಕಿದ್ದಾಗ ಎಂಥಾ ಮೈಕಟ್ಟಿನ ಹೆಂಗಸು, ಕೆರಿಮ್" ಎಂದು ನನ್ನ ಕಿವಿಯಲ್ಲಿ ಬಿಕ್ಕಿದ. ಅಳುತ್ತ ಊರೆಲ್ಲ ನಡೆದು ಗುಡಾರದ ಬಾಗಿಲಿಗೆ ತಂದು ಕೊಟ್ಟೆವು. ಸಗಿನ್ ಕೈ ಒರೆಸಿಕೊಂಡು ಈಸಿಕೊಂಡ. ಮುಚ್ಚಳ ಸ್ವಲ್ಪ ಎತ್ತಿ ಒಳಗೆ ಇಣುಕಿದ.

"ಸೈಜು ಸರಿಯಾಗಿದೆ" ಎಂದ.

ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ನಾವೆಲ್ಲ ಕಣ್ಣೊರೆಸಿಕೊಂಡೆವು.

ಆ ಹೊತ್ತಿಗೆ ರಟ್ಟಿನ ಮೇಲೆ ಹತ್ತು ಗೆರೆಗಳಿದ್ದವು. ಮಿನಿಬಸ್ಸಿನ ಹಿಂದೆಯೇ ಹನ್ನೊಂದನೆಯವನು, ಜೇನು ಸಾಕುವ ದಾಯಾದಿ, ಬೈಸಿಕಲ್ಲಿನಲ್ಲಿ ಬಂದು ಅತ್ತ. ಸಗಿನ್ ಹನ್ನೊಂದನೆಯ ಗೆರೆ ಎಳೆದು ರಟ್ಟನ್ನೇ ನೋಡುತ್ತ ಕೂತ. ಎಲ್ಲರೂ ಬದುಕಿದ್ದಾರೆ. ಹಾಗಾದರೆ? ಆಗ ಅವನಿಗೆ ನಮ್ಮ ಇನ್ನೊಂದು ಪದ್ಧತಿ ನೆನಪಾಯಿತು. ಸಾವಿನ ಸುದ್ದಿಯನ್ನು ಊರಿಗೆಲ್ಲ ಹೇಳುತ್ತೇವೆ, ತೀರಾ ಹತ್ತಿರದವರಿಗೆ ಮಾತ್ರ ಕೊನೆಗೆ ಹೇಳುತ್ತೇವೆ. ಒಂದು ಹೆಸರನ್ನು ಅವನು ಪಟ್ಟಿಯಲ್ಲಿ ಬರೆದೇ ಇರಲಿಲ್ಲ.

ಜಿಪಾರ್‌ಗೆ ಫೋನು ಮಾಡಿದ. ಸಂಪರ್ಕದಲ್ಲಿಲ್ಲ. ಮತ್ತೆ ಮಾಡಿದ. ಮತ್ತೆ.

ಹೊರಗಿದ್ದ ನಮಗೆ ಇದಾವುದೂ ಗೊತ್ತಿಲ್ಲ. ಎರಡು ದಿನ ಅಷ್ಟು ಸೊಗಸಾಗಿ ಅತ್ತವನು ಆವತ್ತು ಮಧ್ಯಾಹ್ನ ಇದ್ದಕ್ಕಿದ್ದಂತೆ ಸುಮ್ಮನಾದ, ಅದಷ್ಟೇ ಗೊತ್ತು. ಹೊಸ ಗುಂಪು ಬಂದು ಅತ್ತರೂ ಅವನು ಹೊರಗೆ ಬರಲಿಲ್ಲ. ಗುಡಾರದೊಳಗಿಂದ ಸ್ಪಾನರಿನ ಸದ್ದು ಮಾತ್ರ ಬರುತ್ತಿತ್ತು.

ಒಳಗೆ ಅವನು ಸ್ತೆಪಾನಿಚ್ ಹೇಳಿದ ಕಾರಣ ಹುಡುಕುತ್ತಿದ್ದ. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಕಾರ್ಬೊರೇಟರು ಶುದ್ಧವಿತ್ತು. ಪಂಪು ಸರಿಯಿತ್ತು. ಎಣ್ಣೆ ಟ್ಯಾಂಕಿನ ತಳದ ತೂತಿನಲ್ಲಿ ಏನೋ ಅಡ್ಡವಿತ್ತು. ತಂತಿಯ ತುದಿ ಬಗ್ಗಿಸಿ ಎಳೆದ. ಎಣ್ಣೆಯಲ್ಲಿ ತೊಯ್ದು ಹೂವಿನ ಎಸಳಿನ ಹಾಗೆ ಬಿಚ್ಚಿಕೊಂಡ ಒಂದು ಕೆಂಪು ಕಾಗದ ಬಂತು. ಅದರ ಹಿಂದೆಯೇ ಇನ್ನೂ ಕರಗದ ಒಂದು ಸಿಹಿ.

ಕಾಗದ ಒರೆಸಿ ಜೇಬಿನಲ್ಲಿಟ್ಟುಕೊಂಡ. ಸಿಹಿಯನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಹೊಸ ಪಿಸ್ಟನ್ನಿಗೆ ರಿಂಗು ತೊಡಿಸಲು ಕೂತ.

ಸುಮಾರು ನಾಲ್ಕು ಗಂಟೆಗೆ ಗೇಟಿನ ಮುಂದೆ ಟ್ಯಾಕ್ಸಿ ನಿಂತು ಜಿಪಾರ್ ಇಳಿದಳು.

ರಜೆ ಮೂರು ದಿನ ಮೊದಲೇ ಸಿಕ್ಕಿತ್ತು. ಗಂಡನಿಗೆ ಹೇಳದೆ ಬಂದು ಬೆರಗುಗೊಳಿಸೋಣವೆಂದು ನಾಲ್ಕು ದಿನ ಬಸ್ಸಿನಲ್ಲಿ ಕಜಕ್ ಬಯಲು ದಾಟಿ ಬಂದಿದ್ದಳು. ಕೈಯಲ್ಲಿ ಎರಡು ಚೌಕಳಿ ಚೀಲ. ಅಂಗಳದಲ್ಲಿ ಗುಡಾರ ನೋಡಿದಳು. ತುಂಬಿದ ಜನ ನೋಡಿದಳು. ಜನದಲ್ಲಿ ಗಂಡ ಕಾಣಲಿಲ್ಲ. ಆ ಮನೆಯಲ್ಲಿ ಸಾಯಲು ಇದ್ದವನು ಒಬ್ಬನೇ.

ಸತ್ತ ಹೆಂಗಸು ಎದುರಿಗೆ ಬಂದು ನಿಂತರೆ ಏನು ಮಾಡಬೇಕೆಂದು ನಮ್ಮ ಪದ್ಧತಿಗಳು ಹೇಳಿಲ್ಲ. ಬುರುಲ್ ಅಪಾ ಬೇಲಿ ಹಿಡಿದುಕೊಂಡು ಪ್ರಾರ್ಥನೆ ಶುರುಮಾಡಿದಳು. ತಾಲಯ್ ಫೈಲಿನಿಂದ ಮುಖ ಮುಚ್ಚಿಕೊಂಡ. ಒಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಆ ಮೌನವನ್ನು ಜಿಪಾರ್ ಉತ್ತರ ಎಂದುಕೊಂಡಳು. ಚೀಲಗಳು ಕೈಯಿಂದ ಜಾರಿದವು. ನೆಟ್ಟಗೆ ಗುಡಾರದ ಪಕ್ಕಕ್ಕೆ ಹೋಗಿ, ಕಂಬಳಿ ಗೋಡೆಗೆ ಮುಖ ಮಾಡಿ ಕೂತು, ಗಂಡ ಸತ್ತ ಹೆಣ್ಣು ಹಾಡಬೇಕಾದ ಅಳುಹಾಡು ಎತ್ತಿದಳು.

"ಊರ ಮಕ್ಕಳಿಗೆಲ್ಲ ಬೆಂಕಿ ಹಾಕಿ ಬೆಚ್ಚಗಿಟ್ಟವನೇ... ತಣ್ಣಗಿನ ಮನೇಲಿ ಒಬ್ಬನೇ ಮಲಗಿದವನೇ... ಹೊತ್ತಿಗೆ ಸರಿಯಾಗಿ ಉಣ್ಣು ಅಂದರೆ ಹೂಂ ಅಂದು ಉಣ್ಣದವನೇ..."

ಗುಡಾರದೊಳಗೆ ಸ್ಪಾನರು ನಿಂತಿತು.

"ನನ್ನ ಮಾರಾಲನ್ನ ಕೊಟ್ಟುಬಿಟ್ಟವನೇ... ಕೆರಿಮ್ ಬೈಕೆ ಹಸು ತೋರಿಸಿ ನನ್ನನ್ನ ಮರುಳು ಮಾಡಿದವನೇ... ಕೊಂಬು ಮುರಿದ ಹಸುನ ಮಾರಾಲ್ ಅಂತ ಮಾತಾಡಿಸಿದೆನಲ್ಲೋ... ನಿನ್ನ ಮುಖ ಬಾಡಬಾರದು ಅಂತ ಭಾನುವಾರ ಭಾನುವಾರ ಮಾತಾಡಿಸಿದೆನಲ್ಲೋ... ಮೂರು ದಿನ ಮುಂಚೆ ಬಂದೆನಲ್ಲೋ, ಆದರೂ ತಡವಾಯ್ತಲ್ಲೋ..."

ಒಳಗಿನಿಂದ ದನಿ ಬಂತು, ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ:

"ಕೊಂಬು ಮುರಿದಿರಲಿಲ್ಲ. ಹುಟ್ಟಿನಿಂದ ಸೊಟ್ಟ."

ಹಾಡು ನಿಂತಿತು.

"ಮುರಿದಿತ್ತು" ಎಂದಳು ಜಿಪಾರ್ ಕಂಬಳಿಗೆ.

"ಸೊಟ್ಟ. ಬೈಕೆನೇ ಕೇಳು."

ನಲವತ್ತು ಗಂಡಸರು, ಮೌಲ್ವಿ, ಸರ್ಕಾರ, ಎಲ್ಲರೂ ನನ್ನ ಕಡೆ ತಿರುಗಿದರು. ಹಸುವಿನ ಮಾಲೀಕನಾಗಿ ನಾನು ಗಂಟಲು ಸರಿಪಡಿಸಿಕೊಂಡು ಸಾಕ್ಷಿ ನುಡಿದೆ: "ಸೊಟ್ಟ."

ಸಗಿನ್ ಹೊರಗೆ ಬಂದ. ಮುಖದ ತುಂಬ ಎಣ್ಣೆ, ಸೊಂಟಕ್ಕೆ ಹಗ್ಗ. ಜಿಪಾರ್ ಎದ್ದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ, ಮುಟ್ಟಿದರೆ ಹೋಗಿಬಿಡುತ್ತಾರೇನೋ ಎಂಬಂತೆ. ಕೊನೆಗೆ ಅವನು ಜೇಬಿನಿಂದ ಆ ಕೆಂಪು ಕಾಗದ ತೆಗೆದು ಕೊಟ್ಟ. "ಇದೇ ಅಡ್ಡ ಇದ್ದಿದ್ದು" ಎಂದ. ಅವಳು ಅದನ್ನು ತಿರುಗಿಸಿ ನೋಡಿ, ಅವನ ಎದೆಗೆ ಎರಡು ಗುದ್ದು ಗುದ್ದಿ, ಅಲ್ಲೇ ತಲೆ ಇಟ್ಟಳು.

"ಅದು ಸರಿ" ಎಂದ ಒಮುರ್‌ಕುಲ್. "ಡಬ್ಬೀಲಿ ಯಾರಿದ್ದಿದ್ದು ಹಾಗಾದ್ರೆ?"

ಕುರಿ ಬೆಂದಾಗಿತ್ತು, ತಿಂದೆವು. ಗೋರಿ ತೋಡಿಯಾಗಿತ್ತು, ಮುಚ್ಚಿದೆವು.

ಮಂಗಳವಾರ ಎಂಜಿನ್ನು ಮೊದಲ ಒತ್ತಿಗೇ ಹೊತ್ತಿಕೊಂಡಿತು. ಹೊಸ ಪಿಸ್ಟನ್ನು ಹೊಂದಿಕೊಳ್ಳುವವರೆಗೆ, ಮೊದಲ ಟ್ಯಾಂಕು ಪೂರ್ತಿ, ಬಸವನ ಹುಳುವಿನ ಹಾಗೆ ಹೋಗು ಎಂದು ಸ್ತೆಪಾನಿಚ್ ಕೂಗಿದ್ದ. ಆದ್ದರಿಂದ ಗಂಡ ಹೆಂಡತಿ, ಎರಡು ಉಣ್ಣೆ ಕೋಟು, ಒಂದು ಹೂವಿನ ದಿಂಬು, ನಡುನೀರು ಮುಟ್ಟಲು ಒಂದು ಗಂಟೆ ತೆಗೆದುಕೊಂಡರು. ಅಲ್ಲಿ ಎಂಜಿನ್ನು ನಿಂತಿತು. ಮತ್ತೆ ಕಚ್ಚಿಕೊಂಡಿತೆಂದು ನಾವು ದೋಣಿ ಹುಡುಕಿದೆವು. ಆಮೇಲೆ ತಿಳಿಯಿತು, ಅವನೇ ನಿಲ್ಲಿಸಿದ್ದ. ಅಲ್ಲಿ ಹೇಳಬೇಕು ಎಂದುಕೊಂಡಿದ್ದ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಸುಮ್ಮನೆ ಕೂತಿದ್ದರಂತೆ.

ಎರಡು ವಾರಕ್ಕೆ ಜಿಪಾರ್ ಮಾಸ್ಕೋಗೆ ಹೊರಟಳು. ಸೂರು ಇನ್ನೂ ಆಗಿಲ್ಲ. ಈ ಸಲ ಹಸುವಿನ ಕೊರಳು ಇರಲಿಲ್ಲ, ಗಂಡನ ಕೊರಳನ್ನೇ ಹಿಡಿದು ಅತ್ತಳು. ಮುಂದಿನ ವರ್ಷ ಬರುತ್ತೇನೆ ಅಂದಳು, ಗಾಡಿ ಮಾರಬೇಡ ಅಂದಳು.

ನಾಲ್ಕು ದಿನ ಬಿಟ್ಟು ನಾನು ನನ್ನ ಗುಡಾರ ಕೇಳಲು ಹೋದೆ. ಮೂರು ದಿನಕ್ಕೆ ಅಂದದ್ದು ಮೂರು ವಾರವಾಗಿತ್ತು. ಬಾಗಿಲ ಕಂಬಳಿ ಎತ್ತಿದರೆ, ಎಂಜಿನ್ನು ಇದ್ದ ಜಾಗ ಗುಡಿಸಿ, ಚಾಪೆ ಹಾಸಿ, ಮಧ್ಯೆ ಬಟ್ಟೆ ಹರಡಿ, ರೊಟ್ಟಿ ಮತ್ತು ಏಳೆಂಟು ಟೀ ಬಟ್ಟಲು ಜೋಡಿಸಿಕೊಂಡು ಸಗಿನ್ ಒಬ್ಬನೇ ಕೂತಿದ್ದ.

"ಇನ್ನೊಂದು ದಿನ ಇರಲಿ ಬೈಕೆ" ಎಂದ. "ಗುಡಾರ ಕಂಡು ಯಾರಾದ್ರೂ ಬರಬಹುದು."

ನಾನು ಹೊರಗೆ ಬಂದೆ. ಗೇಟಿನವರೆಗೆ ನಡೆದೆ. ಅಲ್ಲಿ ನಿಂತು ಟೋಪಿ ಸರಿಮಾಡಿಕೊಂಡು ತಿರುಗಿ ಬಂದು, ಆಗ ತಾನೇ ಬಂದವನ ಹಾಗೆ ಬಾಗಿಲಲ್ಲಿ ಕೆಮ್ಮಿದೆ.

"ಬನ್ನಿ, ಬನ್ನಿ" ಎಂದು ಅವನು ಎದ್ದು ಅತಿಥಿಗೆಂದಿರುವ ಮೇಲಿನ ಜಾಗ ತೋರಿಸಿ ಟೀ ಬಗ್ಗಿಸಿದ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ನಮ್ಮ ಕಡೆಯ ಮರ್ಯಾದೆ ಅದು.